ಹಡಗಿನಲ್ಲಿ ಮಗ ಎಷ್ಟೊತ್ತಿಗೆ ಮಲಗುತ್ತಾನೆ?

ಗೋವಾದಲ್ಲಿರುವ ಕನ್ನಡಿಗ ಓದುಗರ ಪ್ರಶ್ನೆಗಳು. ಉತ್ತರಿಸುವವರು ಕೋಸ್ಟ್ ಗಾರ್ಡ್ ಹಡಗುಗಳಲ್ಲಿ ದುಡಿದು, ‘ಉತ್ತಮ ಅಧಿಕಾರಿ’ ಎಂಬ ಹೆಸರಿನ ಹುದ್ದೆಯಿಂದ ನಿವೃತ್ತರಾಗಿ ವಾಸ್ಕೋದಲ್ಲಿ ನೆಲೆಸಿದವರು.

ಪ್ರಶ್ನೆ: ನಾವು ಗದಗ ಕಡೆಯವರು. ಬಹಳ ವರ್ಷಗಳಿಂದ ಜುವಾರಿನಗರದಲ್ಲಿದ್ದೇವೆ. ಮಗ ಕೋಸ್ಟ್ ಗಾರ್ಡ್‌ನಲ್ಲಿ ನಾವಿಕ. ಈಗ ಹೊಸ ಗಸ್ತು ಹಡಗಿಗೆ ಹಾಕಿದ್ದಾರೆ. ಸಿಗ್ನಲ್ ಸಿಕ್ಕಾಗ ಫೋನ್ ಮಾಡುತ್ತಾನೆ. ಆದರೆ ಒಮ್ಮೆ ಬೆಳಿಗ್ಗೆ ಒಂಬತ್ತಕ್ಕೆ, ಇನ್ನೊಮ್ಮೆ ಸಂಜೆ ಐದಕ್ಕೆ ‘ಮಲಗಬೇಕಮ್ಮ’ ಅಂದು ಇಟ್ಟುಬಿಡುತ್ತಾನೆ. ಇದೆಂಥ ದಿನಚರಿ?

ತಾಯಿ, ಗಾಬರಿ ಬೇಡ. ಅವನು ವಾಚ್ ಮುಗಿಸಿ ಬಂದಿರುತ್ತಾನೆ. ವಾಚ್ ಅಂದರೆ ಕಾವಲಿನ ಪಾಳಿ. ಹಡಗು ರಾತ್ರಿ ನಿಲ್ಲುವುದಿಲ್ಲ. ಯಾರಾದರೂ ನಡೆಸಬೇಕು, ಯಾರಾದರೂ ನೋಡುತ್ತಿರಬೇಕು, ಯಾರಾದರೂ ಎಂಜಿನ್ ಕಾಯಬೇಕು. ಅದಕ್ಕೇ ಜನರನ್ನು ಮೂರು ಗುಂಪು ಮಾಡುತ್ತಾರೆ. ಒಂದೊಂದು ಗುಂಪಿಗೆ ನಾಲ್ಕು ಗಂಟೆ.

ನಾಲ್ಕು ಗಂಟೆಯ ಲೆಕ್ಕದಲ್ಲಿ ದಿನಕ್ಕೆ ಆರು ಪಾಳಿ ಆಗಬೇಕು, ಅಲ್ವಾ? ಆರನ್ನು ಮೂರು ಗುಂಪಿಗೆ ಹಂಚಿದರೆ ಅದೇ ಗುಂಪಿಗೆ ದಿನಾಲೂ ನಡುರಾತ್ರಿಯ ಪಾಳಿ ಬೀಳುತ್ತದೆ. ಅದು ಅನ್ಯಾಯ. ಹಾಗಾಗಿ ಸಂಜೆ 4ರಿಂದ 8ರ ಪಾಳಿಯನ್ನು ಎರಡು ತುಂಡು ಮಾಡುತ್ತಾರೆ. ಈ ಎರಡೆರಡು ಗಂಟೆಯ ಪಾಳಿಗಳಿಗೆ ಡಾಗ್ ವಾಚ್ ಅನ್ನುತ್ತಾರೆ. ಈಗ ದಿನಕ್ಕೆ ಏಳು ಪಾಳಿ. ಏಳು ಮೂರರಿಂದ ಸರಿಯಾಗಿ ಭಾಗ ಆಗುವುದಿಲ್ಲ, ಆದ್ದರಿಂದ ಪಾಳಿ ತಾನಾಗಿಯೇ ಸರಿಯುತ್ತ ಹೋಗುತ್ತದೆ. ಹಡಗಿನಿಂದ ಹಡಗಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಮೂಲ ಲೆಕ್ಕ ಇದೇ.

ನಿಮ್ಮ ಮಗನ ಮೂರು ದಿನ ಹೀಗಿರಬಹುದು. ಮೊದಲ ದಿನ ರಾತ್ರಿ 12ರಿಂದ 4, ಮಧ್ಯಾಹ್ನ 12ರಿಂದ 4, ಮತ್ತೆ ರಾತ್ರಿ 8ರಿಂದ 12. ಒಟ್ಟು ಹನ್ನೆರಡು ಗಂಟೆ. ಆ ದಿನ ಸಂಜೆ ಐದಕ್ಕೆ ಮಲಗದಿದ್ದರೆ ರಾತ್ರಿ ಎಂಟಕ್ಕೆ ಕಣ್ಣು ತೆರೆಯುವುದಿಲ್ಲ. ಎರಡನೇ ದಿನ ಬೆಳಿಗ್ಗೆ 8ರಿಂದ 12, ಸಂಜೆ 6ರಿಂದ 8. ಅವತ್ತು ರಾತ್ರಿ ಒಳ್ಳೆ ನಿದ್ದೆ. ಮೂರನೇ ದಿನ ನಸುಕಿನ 4ರಿಂದ 8, ಸಂಜೆ 4ರಿಂದ 6. ಬೆಳಿಗ್ಗೆ ಎಂಟಕ್ಕೆ ಇಳಿದು, ತಿಂಡಿ ತಿಂದು, ಒಂಬತ್ತಕ್ಕೆ ಹಾಸಿಗೆ ಸೇರುತ್ತಾನೆ. ನಿಮಗೆ ಫೋನ್ ಬಂದ ಎರಡೂ ಹೊತ್ತು ಇದರಲ್ಲಿ ಕೂತುಕೊಳ್ಳುತ್ತವೆ ನೋಡಿ.

ವಾಚ್ ಇಲ್ಲದ ಹೊತ್ತೆಲ್ಲ ರಜೆ ಅಂದುಕೊಳ್ಳಬೇಡಿ. ಬೆಳಿಗ್ಗೆ ಹಡಗು ಶುಚಿ ಮಾಡಬೇಕು. ಉಪ್ಪುಗಾಳಿಗೆ ಕಬ್ಬಿಣ ಸುಮ್ನೆ ಇರುವುದಿಲ್ಲ. ತುಕ್ಕು ಕೆರೆಯಬೇಕು, ಬಣ್ಣ ಬಳಿಯಬೇಕು, ಹಗ್ಗ ನೋಡಬೇಕು, ಬಂದೂಕಿಗೆ ಎಣ್ಣೆ ಹಾಕಬೇಕು. ಜೊತೆಗೆ ಡ್ರಿಲ್. ಬೆಂಕಿ ಬಿದ್ದರೆ ಏನು, ನೀರು ನುಗ್ಗಿದರೆ ಏನು, ಮನುಷ್ಯ ಸಮುದ್ರಕ್ಕೆ ಬಿದ್ದರೆ ಏನು. ಈ ಡ್ರಿಲ್ ಮಲಗಿದ್ದವರನ್ನೂ ಎಬ್ಬಿಸುತ್ತದೆ.

ನಡುರಾತ್ರಿಯ ವಾಚ್ ಬಗ್ಗೆ ಇನ್ನೊಂದು ಮಾತು. ಹನ್ನೆರಡಕ್ಕೆ ವಾಚ್ ಇದ್ದರೆ ಹನ್ನೊಂದೂವರೆಗೇ ಎಬ್ಬಿಸುತ್ತಾರೆ. ಬ್ರಿಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ರಾತ್ರಿ ದೀಪ ಹಚ್ಚುವುದಿಲ್ಲ. ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷವಾದರೂ ಬೇಕು. ಮೊದಲೇ ಹೋಗಿ ನಿಂತು, ಕಣ್ಣು ಹೊಂದಿದ ಮೇಲೆ, ಹಿಂದಿನವನಿಂದ ಎಲ್ಲ ಕೇಳಿಕೊಳ್ಳಬೇಕು. ದಿಕ್ಕು ಎಷ್ಟು, ವೇಗ ಎಷ್ಟು, ಬಲಗಡೆ ಕಾಣುವ ದೀಪ ಯಾವುದು, ಅದು ಹತ್ತಿರ ಬರುತ್ತಿದೆಯಾ. ಪೂರ್ತಿ ಅರ್ಥವಾದ ಮೇಲೆಯೇ ಹಿಂದಿನವನನ್ನು ಮಲಗಲು ಬಿಡಬೇಕು.

ಇಷ್ಟು ಕಟ್ಟುನಿಟ್ಟು ಯಾಕೆ ಗೊತ್ತಾ? ಗೋವಾ ಮತ್ತು ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ ಇರುತ್ತದೆ. ಅದು ಮುಗಿದು ಆಗಸ್ಟ್ ಬಂತೆಂದರೆ ಕಾರವಾರದಿಂದ ಮಲ್ಪೆಯವರೆಗೆ ಸಮುದ್ರದ ತುಂಬ ದೀಪ. ದೊಡ್ಡ ಹಡಗು ರೇಡಾರ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಸಣ್ಣ ಮರದ ದೋಣಿ, ಫೈಬರ್ ದೋಣಿ ಅಲೆಗಳ ನಡುವೆ ಕಾಣದೇ ಹೋಗಬಹುದು. ಅದರಲ್ಲಿ ನಾಲ್ಕು ಜನ ಮಲಗಿರುತ್ತಾರೆ. ಅವರನ್ನು ಉಳಿಸುವುದು ಹೊರಗೆ ನಿಂತು ದುರ್ಬೀನು ಹಿಡಿದ ಹುಡುಗನ ಕಣ್ಣು. ಆ ಹುಡುಗ ನಿಮ್ಮ ಮಗ. ಅವನು ಮಲಗಬೇಕು ಅಂದಾಗ ಮಲಗಲು ಬಿಡಿ ತಾಯಿ.

ಪ್ರಶ್ನೆ: ಪೊಂಡಾದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ಕೋಸ್ಟ್ ಗಾರ್ಡ್‌ನಲ್ಲಿ ಯಾಂತ್ರಿಕ್, ಅಂದರೆ ಯಂತ್ರ ನೋಡಿಕೊಳ್ಳುವ ಸಿಬ್ಬಂದಿ, ಆಗುವ ಆಸೆ. ಆದರೆ ಹೊಸ ಹಡಗುಗಳಲ್ಲಿ ಎಲ್ಲ ಕಂಪ್ಯೂಟರೇ ಮಾಡುತ್ತದಂತೆ. ಕೈಕೆಲಸ ಉಳಿದಿದೆಯೇ?

ಬೇಕಾದಷ್ಟು ಉಳಿದಿದೆ. ನಿಮ್ಮ ಹತ್ತಿರದ ಉದಾಹರಣೆಯನ್ನೇ ಹೇಳುತ್ತೇನೆ. ವಾಸ್ಕೋದ ಗೋವಾ ಶಿಪ್‌ಯಾರ್ಡ್‌ನಲ್ಲಿ ಕೋಸ್ಟ್ ಗಾರ್ಡ್‌ಗಾಗಿ ‘ಅದಮ್ಯ’ ಸಾಲಿನ ಎಂಟು ವೇಗದ ಗಸ್ತು ಹಡಗುಗಳ ಯೋಜನೆ ನಡೆದಿದೆ. ಮೊದಲ ಹಡಗು ಅದಮ್ಯ 2025ರಲ್ಲಿ ಸೇವೆಗೆ ಸೇರಿತು. ಅದರ ಹಿಂದೆಯೇ ಅಕ್ಷರ್, ಅಮೂಲ್ಯ ಬಂದವು. ಉದ್ದ ಸುಮಾರು 51 ಮೀಟರ್. 3000 ಕಿಲೋವಾಟ್‌ನ ಎರಡು ಡೀಸೆಲ್ ಎಂಜಿನ್. ವೇಗ 27 ನಾಟ್, ಅಂದರೆ ಗಂಟೆಗೆ ಸುಮಾರು 50 ಕಿಲೋಮೀಟರ್. ರಸ್ತೆಯ ಮೇಲೆ ಅದು ಏನೂ ಅಲ್ಲ ಅನಿಸಬಹುದು. ಸಮುದ್ರದಲ್ಲಿ 51 ಮೀಟರ್‌ನ ಹಡಗು ಆ ವೇಗದಲ್ಲಿ ಅಲೆ ಸೀಳಿಕೊಂಡು ಹೋಗುವಾಗ ನಿಂತಲ್ಲಿ ನಿಲ್ಲಲು ಆಗುವುದಿಲ್ಲ.

ಕಂಪ್ಯೂಟರ್ ವಿಷಯ ನಿಜ. ಎಂಜಿನ್, ಜನರೇಟರ್, ಪಂಪು, ಟ್ಯಾಂಕು, ಎಲ್ಲದರ ಒತ್ತಡ, ಬಿಸಿ, ಮಟ್ಟ ಒಂದೇ ಕಂಟ್ರೋಲ್ ರೂಮಿನ ಪರದೆಯ ಮೇಲೆ ಕಾಣುತ್ತದೆ. ಆದರೆ ಸೆನ್ಸರ್ ಇಲ್ಲದ ಕಡೆ ಸಣ್ಣಗೆ ಎಣ್ಣೆ ಜಿನುಗಿದರೆ ಪರದೆಗೆ ಗೊತ್ತಾಗುವುದಿಲ್ಲ. ಬೇರಿಂಗ್‌ನ ಸದ್ದು ಬದಲಾದರೆ ಅನುಭವಿ ಕಿವಿಗೆ ಮೊದಲು ಕೇಳಿಸುತ್ತದೆ. ಅದಕ್ಕೇ ಎಂಜಿನ್ ವಾಚ್‌ನವರು ಕಿವಿಗೆ ರಕ್ಷಣೆ ಹಾಕಿಕೊಂಡು ಸುತ್ತು ಹೊಡೆಯುತ್ತಲೇ ಇರಬೇಕು. ಮುಟ್ಟಿ ನೋಡಬೇಕು, ಮೂಸಿ ನೋಡಬೇಕು.

ಈ ಹಡಗುಗಳ ಇನ್ನೊಂದು ವಿಶೇಷ ಪ್ರೊಪೆಲ್ಲರ್. ಅದರ ಎಲೆಗಳ ಓರೆಯನ್ನೇ ಬದಲಿಸಬಹುದು. ಶಾಫ್ಟ್ ಒಂದೇ ದಿಕ್ಕಿಗೆ ತಿರುಗುತ್ತಿದ್ದರೂ ಎಲೆ ತಿರುಗಿಸಿ ವೇಗ ಇಳಿಸಬಹುದು, ಹಿಂದಕ್ಕೂ ಹೋಗಬಹುದು. ಮೀನುಗಾರಿಕೆ ದೋಣಿಯ ಪಕ್ಕ ನಿಧಾನವಾಗಿ ಹೋಗಿ ನಿಲ್ಲಲು ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಆದರೆ ಅದನ್ನು ನಡೆಸುವ ಹೈಡ್ರಾಲಿಕ್ಸ್ ಕೆಟ್ಟರೆ ರಾತ್ರಿ ಎರಡು ಗಂಟೆಗೂ ರಿಪೇರಿ ಮಾಡಬೇಕಾದವರು ನೀವೇ.

ಮುಖ್ಯ ಮಾತು ಇನ್ನೊಂದಿದೆ. ಅಮೂಲ್ಯದಂಥ ಹಡಗಿನಲ್ಲಿ 5 ಅಧಿಕಾರಿಗಳು, 34 ಸಿಬ್ಬಂದಿ. ಅಷ್ಟೇ ಜನ. ಹಾಗಾಗಿ ಯಾರಿಗೂ ಒಂದೇ ಕೆಲಸ ಅಂತ ಇರುವುದಿಲ್ಲ. ಅಡುಗೆಯವನು ಬೆಂಕಿ ಆರಿಸುವ ತಂಡದಲ್ಲಿರುತ್ತಾನೆ. ಯಾಂತ್ರಿಕ್ ರಬ್ಬರ್ ದೋಣಿ ಇಳಿಸುವಾಗ ಅದರ ಮೋಟರ್ ನೋಡುತ್ತಾನೆ. ಹೊಸ ಹಡಗಿಗೆ ಮೊದಲ ತಂಡದಲ್ಲೇ ಸೇರಿದರೆ ಇನ್ನೂ ಒಳ್ಳೆಯದು. ಆ ತಂಡ ಹಡಗು ಸೇವೆಗೆ ಸೇರುವ ಮುಂಚೆಯೇ ಯಾರ್ಡಿಗೆ ಬರುತ್ತದೆ. ಪ್ರತಿ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ವಾಲ್ವ್ ಯಾವುದನ್ನು ಮುಚ್ಚುತ್ತದೆ ಅಂತ ಮಂಡಿಯೂರಿ ನೋಡಿ ಕಲಿಯುತ್ತದೆ. ಹಾಗೆ ಕಲಿತದ್ದು ಕತ್ತಲಲ್ಲೂ ಕೈಗೆ ಸಿಗುತ್ತದೆ. ಡಿಪ್ಲೊಮಾ ಮುಗಿಸಿ, ಅರ್ಜಿ ಹಾಕಿ. ಮೊದಲ ತರಬೇತಿ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ.

ಗೋವಾದಲ್ಲಿ ಕಟ್ಟಿದ ಹಡಗು ಗೋವಾದಲ್ಲೇ ಇರುತ್ತದೆ ಅಂತ ಮಾತ್ರ ಲೆಕ್ಕ ಹಾಕಬೇಡಿ. ಅದಮ್ಯ ಹೋಗಿದ್ದು ಒಡಿಶಾದ ಪಾರಾದೀಪಕ್ಕೆ, ಅಕ್ಷರ್ ಪುದುಚೇರಿಯ ಕಾರೈಕಲ್‌ಗೆ.

ಪ್ರಶ್ನೆ: ಪಣಜಿಯ ಮಾಂಡವಿಯಲ್ಲಿ ದೋಣಿ ಹತ್ತಿದರೂ ನನಗೆ ವಾಂತಿ ಬರುತ್ತದೆ. ನಾವಿಕನಾಗುವ ಕನಸು ಬಿಡಬೇಕೇ? (12ನೇ ತರಗತಿ ವಿದ್ಯಾರ್ಥಿ, ಮಡಗಾಂವ್)

ಬಿಡಬೇಡ. ಕಿವಿಯ ಒಳಭಾಗಕ್ಕೆ ಅಲುಗಾಟ ಗೊತ್ತಾಗುತ್ತದೆ. ಕಣ್ಣಿಗೆ ಎದುರಿನ ಗೋಡೆ ಅಲುಗಿದಂತೆ ಕಾಣುವುದಿಲ್ಲ. ಎರಡೂ ಬೇರೆ ಬೇರೆ ಸುದ್ದಿ ಕೊಟ್ಟಾಗ ಮೆದುಳು ಗಲಿಬಿಲಿಯಾಗಿ ಹೊಟ್ಟೆ ತೊಳಸುತ್ತದೆ. ಇದು ಹೇಡಿತನ ಅಲ್ಲ, ದೇಹದ ಸಹಜ ಗುಣ. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಹೊಂದಿಕೆ ಬರುತ್ತದೆ. ದಡದಲ್ಲಿ ಜಾಸ್ತಿ ದಿನ ಇದ್ದು ಮತ್ತೆ ಹೊರಟರೆ ಹಳಬರಿಗೂ ಮೊದಲ ದಿನ ಕಷ್ಟವೇ.

ಖಾಲಿ ಹೊಟ್ಟೆಯಲ್ಲಿ ಇರಬಾರದು. ಒಣ ಬಿಸ್ಕತ್ತು, ಒಗ್ಗರಣೆ ಅವಲಕ್ಕಿ, ಸ್ವಲ್ಪ ಶುಂಠಿ ಒಳ್ಳೆಯದು. ಹಡಗಿನ ನಡುಭಾಗದಲ್ಲಿ, ಕೆಳಗಡೆ, ಅಲುಗಾಟ ಕಡಿಮೆ. ಹೊರಗೆ ಬರಲು ಬಿಟ್ಟರೆ ದೂರದ ದಿಗಂತ ನೋಡಬೇಕು, ಮೊಬೈಲ್ ನೋಡಬಾರದು. ನೀರು ಗುಟುಕು ಗುಟುಕಾಗಿ ಕುಡಿಯಬೇಕು. ಮಾತ್ರೆ ಇದೆ, ಆದರೆ ಹಲವು ಮಾತ್ರೆ ನಿದ್ದೆ ತರಿಸುತ್ತವೆ. ತೆಗೆದುಕೊಂಡಿದ್ದರೆ ವಾಚ್‌ಗೆ ಮುಂಚೆ ಮೇಲಿನವರಿಗೆ ಹೇಳಲೇಬೇಕು. ನಾಚಿಕೆಪಟ್ಟು ಮುಚ್ಚಿಡುವ ಹುಡುಗರನ್ನು ನೋಡಿ ನನಗೆ ಯಾವಾಗಲೂ ಬೇಸರವಾಗುತ್ತಿತ್ತು. ವಾಂತಿ ಮಾಡುತ್ತಲೇ ಸ್ಟಿಯರಿಂಗ್ ಬಿಡದ ಹುಡುಗರೂ ಇದ್ದರು. ಅವರ ಬಗ್ಗೆ ಹಡಗಿನಲ್ಲಿ ಎಲ್ಲರಿಗೂ ಗೌರವ.

ಪ್ರಶ್ನೆ: ಗಂಡ ಕೋಸ್ಟ್ ಗಾರ್ಡ್‌ನಲ್ಲಿದ್ದಾರೆ. ಹಡಗು ಹೊರಟರೆ ಫೋನ್ ಹತ್ತುವುದಿಲ್ಲ. ಟಿವಿಯಲ್ಲಿ ಚಂಡಮಾರುತದ ಸುದ್ದಿ ಬಂದರೆ ರಾತ್ರಿಯಿಡೀ ನಿದ್ದೆ ಇರುವುದಿಲ್ಲ. ಏನು ಮಾಡಲಿ? (ಬೈನಾ, ವಾಸ್ಕೋ)

ನಿಮ್ಮ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ ತಂಗಿ. ಹವಾಮಾನ ಕೆಟ್ಟಾಗ ಮೀನುಗಾರರನ್ನು ದಡಕ್ಕೆ ಕಳಿಸುವುದು ಇವರ ಕೆಲಸ. ಆಮೇಲೂ ಯಾರಾದರೂ ಸಿಕ್ಕಿಬಿದ್ದರೆ ಹೋಗುವವರೂ ಇವರೇ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನೆನಪಿದೆಯಾ? ನಮ್ಮ ಮೂಲ್ಕಿಯ ಹತ್ತಿರ ಬಂಡೆಗೆ ಸಿಕ್ಕಿಬಿದ್ದ ಟಗ್‌ನಲ್ಲಿ, ಅಂದರೆ ಬೇರೆ ಹಡಗು ಎಳೆಯುವ ಸಣ್ಣ ಹಡಗಿನಲ್ಲಿ, 9 ಜನ ಇದ್ದರು. ಕೋಸ್ಟ್ ಗಾರ್ಡ್ ಹಡಗು ವರಾಹ ಮತ್ತು ನೌಕಾಪಡೆಯ ಹೆಲಿಕಾಪ್ಟರ್ ಸೇರಿ ಒಂಬತ್ತೂ ಜನರನ್ನು ಉಳಿಸಿದವು. 2024ರ ಜುಲೈಯಲ್ಲಿ, ಮಳೆಗಾಲದ ನಡುವೆ, ಕಾರವಾರದಾಚೆ ಮರ್ಸ್ಕ್ ಫ್ರಾಂಕ್‌ಫರ್ಟ್ ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿತ್ತು. ಸಚೇತ್, ಸುಜೀತ್, ಸಮ್ರಾಟ್ ಹಡಗುಗಳು ದಿನಗಟ್ಟಲೆ ನೀರು ಹಾರಿಸಿದವು. ಅಂಥ ಹೊತ್ತಲ್ಲಿ ಮನೆಗೆ ಫೋನ್ ಮಾಡಲು ಯಾರಿಗೂ ಆಗುವುದಿಲ್ಲ.

ಆದರೆ ಸುಮ್ಮನಿರುವ ಫೋನ್ ಅಂದರೆ ಅಪಾಯ ಅಲ್ಲ. ದಡ ಬಿಟ್ಟು ಕೆಲವು ಮೈಲಿ ಹೋದರೆ ಮೊಬೈಲ್ ಟವರ್ ಸಿಗುವುದಿಲ್ಲ, ಅಷ್ಟೇ. ಹಡಗು ಮಾತ್ರ ರೇಡಿಯೋ, ಉಪಗ್ರಹದ ಮೂಲಕ ದಡದ ಕೇಂದ್ರದ ಜೊತೆ ಸದಾ ಸಂಪರ್ಕದಲ್ಲಿರುತ್ತದೆ. ಮನೆಯಲ್ಲಿ ನಿಜವಾದ ತುರ್ತು ಇದ್ದರೆ, ಗಂಡನ ಘಟಕದ ಕಚೇರಿಗೆ ತಿಳಿಸಿ. ಅವರು ಹಡಗಿಗೆ ಸಂದೇಶ ಮುಟ್ಟಿಸುತ್ತಾರೆ. ಹೊರಡುವ ಮುಂಚೆಯೇ ಆ ನಂಬರನ್ನು ಗಂಡನ ಕೈಯಲ್ಲೇ ಬರೆಸಿ, ಫ್ರಿಜ್ ಬಾಗಿಲಿಗೆ ಅಂಟಿಸಿ. ಕೋಸ್ಟ್ ಗಾರ್ಡ್‌ನ 1554 ಸಮುದ್ರದಲ್ಲಿ ಆಪತ್ತಿಗೆ ಸಿಕ್ಕವರ ನಂಬರ್, ಮನೆಯ ವಿಚಾರಕ್ಕೆ ಅದನ್ನು ಒತ್ತಬೇಡಿ. ಅದೇ ಹಡಗಿನ ಬೇರೆ ಮನೆಯವರ ಪರಿಚಯ ಮಾಡಿಕೊಳ್ಳಿ. ಒಬ್ಬರಿಗೆ ಸುದ್ದಿ ಬಂದರೆ ಎಲ್ಲರಿಗೂ ಸಮಾಧಾನ. ಹಡಗು ಎಲ್ಲಿದೆ, ಯಾವಾಗ ಬರುತ್ತದೆ ಅನ್ನುವುದನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಮಾತ್ರ ಹಾಕಬೇಡಿ. ಅದು ನಿಮ್ಮ ಗಂಡನ ಸುರಕ್ಷತೆಯ ಪ್ರಶ್ನೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಹಡಗಿನಲ್ಲಿ ಊಟ ಸಿಗುತ್ತದೆಯೇ? ಮನೆಯಿಂದ ಏನು ಕೊಟ್ಟು ಕಳಿಸಬಹುದು?

ಸಿಗುತ್ತದೆ. ಅನ್ನ, ಬೇಳೆ, ಚಪಾತಿ, ಪಲ್ಯ ದಿನಾ ಇರುತ್ತದೆ. ಒಲೆಯ ಮೇಲೆ ಪಾತ್ರೆ ಜಾರದಂತೆ ಕಂಬಿ ಕಟ್ಟಿರುತ್ತಾರೆ. ಅಲೆ ಜಾಸ್ತಿಯಾದರೆ ಅದೂ ಸಾಲದು, ಅವತ್ತು ಖಿಚಡಿ ಸಿಕ್ಕರೆ ಅಡುಗೆಯವನಿಗೆ ಕೈ ಮುಗಿಯಬೇಕು. ತರಕಾರಿ ಮೊದಲ ಕೆಲವು ದಿನ ತಾಜಾ, ಆಮೇಲೆ ಆಲೂಗಡ್ಡೆ, ಈರುಳ್ಳಿ, ಕಾಳು. ಸಿಹಿನೀರನ್ನು ಸಮುದ್ರದ ನೀರಿನಿಂದಲೇ ಮಾಡಿಕೊಳ್ಳುವ ಯಂತ್ರ ಇದ್ದರೂ ಸ್ನಾನಕ್ಕೆ ಹಿಡಿತ ಇರುತ್ತದೆ.

ಕೊಡುವುದಾದರೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕೊಡಿ. ಕೆಡುವುದಿಲ್ಲ, ಮೆಸ್‌ನಲ್ಲಿ ಪಂಜಾಬಿನವರೂ ಕೇರಳದವರೂ ಕೇಳಿ ತಿನ್ನುತ್ತಾರೆ. ಗಾಜಿನ ಬಾಟಲಿಯಲ್ಲಿ ಉಪ್ಪಿನಕಾಯಿ ಬೇಡ, ಒಡೆಯುತ್ತದೆ. ಲಾಕರ್ ಚಿಕ್ಕದು, ದೊಡ್ಡ ಡಬ್ಬಿಯೂ ಬೇಡ.

ಪ್ರಶ್ನೆ: ಮಗಳು ಹತ್ತನೇ ತರಗತಿ. ಹಡಗಿನಲ್ಲಿ ಹೆಣ್ಣುಮಕ್ಕಳಿಗೆ ಅವಕಾಶ ಇದೆಯೇ?

ಇದೆ. 2026ರ ಜನವರಿಯಲ್ಲಿ ಗೋವಾದಲ್ಲಿ ಸೇವೆಗೆ ಸೇರಿದ ಸಮುದ್ರ ಪ್ರತಾಪ್ ಹಡಗಿಗೆ ಇಬ್ಬರು ಮಹಿಳಾ ಅಧಿಕಾರಿಗಳನ್ನು ನೇಮಿಸಿದರು. ಅದು 114.5 ಮೀಟರ್ ಉದ್ದದ, ಸಮುದ್ರದಲ್ಲಿ ಚೆಲ್ಲಿದ ಎಣ್ಣೆ ತೆಗೆಯುವ ದೊಡ್ಡ ಹಡಗು. ಇದನ್ನು ಕೇಳಿ ನನಗೆ ತುಂಬ ಖುಷಿಯಾಯಿತು. ಅಧಿಕಾರಿಯಾಗಲು ಪದವಿ ಬೇಕು. ಅಧಿಕಾರಿಗಳ ಸಾಮಾನ್ಯ ಸೇವೆಯ (ಜನರಲ್ ಡ್ಯೂಟಿ) ಶಾಖೆಗೆ 12ನೇ ತರಗತಿಯಲ್ಲಿ ಗಣಿತ, ಭೌತಶಾಸ್ತ್ರ ಓದಿರಬೇಕು. ಹಾಗಾಗಿ ಮುಂದಿನ ವರ್ಷ ವಿಷಯ ಆರಿಸುವಾಗ ಇದನ್ನು ನೆನಪಿಡಿ. ಈಜು ಬರದಿದ್ದರೆ ಈ ರಜೆಯಲ್ಲೇ ಸೇರಿಸಿ.