ಅಡಿಕೆಗೆ ಜಕಾತ್ ಎಷ್ಟು? ಎಐ ಉತ್ತರ ನಂಬಬಹುದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಜಕಾತ್ (ಮುಸ್ಲಿಮರ ಕಡ್ಡಾಯ ದಾನ) ಬಗ್ಗೆ ಎಐ ಆ್ಯಪ್‌ನಲ್ಲಿ ಕೇಳಿದರೆ ಒಮ್ಮೆ ಹತ್ತರಲ್ಲೊಂದು ಪಾಲು, ಮತ್ತೊಮ್ಮೆ ಏನೂ ಇಲ್ಲ ಎನ್ನುತ್ತದೆ. ಜೊತೆಗೆ ಆಧಾರವೆಂದು ಹದೀಸ್ (ಪ್ರವಾದಿಯವರ ನುಡಿ-ನಡೆಯ ವರದಿ) ಸಂಖ್ಯೆಯನ್ನೂ ಕೊಡುತ್ತದೆ. ಯಾವುದು ಸರಿ?

ಉತ್ತರ: ಎರಡಕ್ಕೂ ಆಧಾರವಿದೆ, ಮದ್‌ಹಬ್ (ಇಸ್ಲಾಮಿ ಧರ್ಮಶಾಸ್ತ್ರದ ಪಂಥ) ಬೇರೆ ಅಷ್ಟೆ. ಹನಫಿ ಪಂಥದ ಇಮಾಮ್ ಅಬೂ ಹನೀಫಾ ಅವರ ಪ್ರಕಾರ ಬೆಳೆ ಯಾವುದಾದರೂ ಉಶ್ರ್ (ಬೆಳೆಯ ಮೇಲಿನ ಜಕಾತ್) ಇದೆ: ಮಳೆನೀರಿನದಾದರೆ ಶೇ. 10, ಪಂಪ್ ಹಚ್ಚಿ ನೀರುಣಿಸಿದರೆ ಶೇ. 5. ಶಾಫಿಈ ಮದ್‌ಹಬ್‌ನಲ್ಲಿ ಕೂಡಿಡಬಲ್ಲ ಆಹಾರಧಾನ್ಯ, ಖರ್ಜೂರ, ಒಣದ್ರಾಕ್ಷಿಗೆ ಮಾತ್ರ ಜಕಾತ್, ಅಡಿಕೆ ಬೆಳೆಗಿಲ್ಲ. ಆದರೆ ಅಡಿಕೆ ಮಾರಿದ ಹಣ ನಿಸಾಬ್ (ಜಕಾತ್ ಕಡ್ಡಾಯವಾಗುವ ಕನಿಷ್ಠ ಮೊತ್ತ) ಮುಟ್ಟಿ ಒಂದು ಚಾಂದ್ರಮಾನ ವರ್ಷ ಉಳಿದರೆ ಶೇ. 2.5. ಮದ್‌ಹಬ್ ಹೇಳದೆ ಕೇಳಿದರೆ ಆ್ಯಪ್ ಎರಡನ್ನೂ ಕಲಸಿಬಿಡುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಖರ್ಚನ್ನು ಕಳೆದು ಲೆಕ್ಕ ಕೊಡುವುದೂ ಉಂಟು. ಹನಫಿ ಗ್ರಂಥಗಳು ಇದನ್ನು ಒಪ್ಪುವುದಿಲ್ಲ.

ಹದೀಸ್ ಸಂಖ್ಯೆಯಂತೂ ಪಕ್ಕಾ ಪರೀಕ್ಷಿಸಲೇಬೇಕು. ಎಐ ಪುಸ್ತಕ ತೆರೆದು ನೋಡಿಯೇ ಉತ್ತರಿಸುತ್ತದೆ ಎಂದೇನಿಲ್ಲ, ಮುಂದೆ ಬರಬಹುದಾದ ಪದವನ್ನು ಊಹಿಸುತ್ತ ಹೋಗುತ್ತದೆ. ಹಾಗಾಗಿ ಇಲ್ಲದ ಸಂಖ್ಯೆಯೂ ಠೀವಿಯಿಂದ ಬರುತ್ತದೆ. ಮೂಲ ಅರಬಿ ವಾಕ್ಯ, ಗ್ರಂಥ, ಅಧ್ಯಾಯ ಮೂರನ್ನೂ ಕೇಳಿ. ಮೇಲಿನ ಶೇ. 10, ಶೇ. 5ಕ್ಕೆ ಆಧಾರವಾದ ಮಳೆನೀರು, ಎತ್ತಿದ ನೀರಿನ ಹದೀಸ್ ಸಹೀಹ್ ಬುಖಾರಿ ಎಂಬ ಹದೀಸ್ ಸಂಗ್ರಹದ ಜಕಾತ್ ಅಧ್ಯಾಯದಲ್ಲಿದೆ, ಸಾಮಾನ್ಯ ಕ್ರಮದಲ್ಲಿ 1483. ಮುದ್ರಣ ಬದಲಾದರೆ ಸಂಖ್ಯೆ ಬದಲಾಗುತ್ತದೆ, ಆದ್ದರಿಂದ ಅಧ್ಯಾಯದ ಹೆಸರು ಹಿಡಿದು ಹುಡುಕುವುದೇ ವಾಸಿ. ಸಿಕ್ಕ ಅರಬಿ ವಾಕ್ಯವನ್ನು ಪದಪದವಾಗಿ ತಾಳೆ ಹಾಕಿ.

ನಿಮ್ಮ ಜಮೀನಿಗೆ ಉಶ್ರ್ ಅನ್ವಯಿಸುತ್ತದೆಯೇ ಎಂಬುದರಲ್ಲೇ ಭಾರತದ ಹನಫಿ ವಿದ್ವಾಂಸರಲ್ಲಿ ಭಿನ್ನಮತವಿದೆ. ಅದನ್ನು ಜಮೀನಿನ ವಿವರದೊಂದಿಗೆ ಮುಫ್ತಿಯವರ (ಧಾರ್ಮಿಕ ತೀರ್ಪು ಹೇಳುವ ವಿದ್ವಾಂಸರ) ಬಳಿಯೇ ಕೇಳಿ.