ಮಾರ್ಲ್‌ಬೊರೊ ಸಂಗೀತೋತ್ಸವದ ಕೊನೆಯ ಕಛೇರಿಯಲ್ಲಿ ಊರಿನವರೂ ಹಾಡುತ್ತಾರಂತೆ, ನಿಜವಾ?

ನಿಜ. ಅಮೆರಿಕದ ವರ್ಮಾಂಟ್‌ನಲ್ಲಿ 1951ರಲ್ಲಿ ಶುರುವಾದ ಚೇಂಬರ್ ಸಂಗೀತದ, ಅಂದರೆ ಕೆಲವೇ ಜನ ಸೇರಿ ನುಡಿಸುವ ಸಂಗೀತದ ಉತ್ಸವ ಇದು. ಹೆಸರು ಮಾಡಿದ ಹಿರಿಯರೂ ಯುವ ಕಲಾವಿದರೂ ಒಂದೇ ತಂಡದಲ್ಲಿ ಕೂತು ವಾರಗಟ್ಟಲೆ ಅಭ್ಯಾಸ ಮಾಡುತ್ತಾರೆ. ಸಾಮಾನ್ಯವಾಗಿ ನಾಲ್ಕೈದು ಜನರ ಸಂಗೀತ.

ಕೊನೆಯ ಕಛೇರಿ ಮಾತ್ರ ಬೇರೆ. ಸಂಪ್ರದಾಯದಂತೆ ಅದು ಮುಗಿಯುವುದು ಪಿಯಾನೊ, ವಾದ್ಯವೃಂದ, ಕೋರಸ್ ಮೂರೂ ಸೇರುವ ಬೇಥೋವನ್‌ನ 'ಕೋರಲ್ ಫ್ಯಾಂಟಸಿ'ಯಿಂದ. ವಾದ್ಯದವರ ಹಿಂದೆ ಸಿಬ್ಬಂದಿ, ಕಲಾವಿದರ ಮನೆಯವರು, ಅಕ್ಕಪಕ್ಕದವರೆಲ್ಲ ಕೋರಸ್‌ನಲ್ಲಿ ನಿಲ್ಲುತ್ತಾರೆ. ಸ್ಥಾಪಕರಲ್ಲಿ ಒಬ್ಬರಾದ ರುಡಾಲ್ಫ್ ಸರ್ಕಿನ್ ಹಿಂದೆ ಇದಕ್ಕೆ ಪಿಯಾನೊ ನುಡಿಸುತ್ತಿದ್ದರು.

ಇದೇ ಕೃತಿ ಯಾಕೆ ಅಂದ್ರೆ, ಅದು ಹುಟ್ಟಿದ್ದೇ ಹಾಗೆ. 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ತನ್ನ ಉದ್ದನೆಯ ಕಛೇರಿಯ ಕೊನೆಗೆ ಎಲ್ಲರೂ ಒಟ್ಟಿಗೆ ಸೇರಲಿ ಅಂತ ಬೇಥೋವನ್ ಬರೆದದ್ದು. ಮೊದಲು ಪಿಯಾನೊ ಒಂದೇ. ಆಮೇಲೆ ಚೆಲ್ಲೊ, ಬಾಸ್ ಮೆಲ್ಲಗೆ ಸೇರುತ್ತವೆ. ಒಂದು ಸರಳ ಧಾಟಿ ಕೊಳಲಿಗೆ, ಓಬೋಗೆ, ನಂತರ ನಾಲ್ಕೇ ತಂತಿವಾದ್ಯಗಳಿಗೆ ದಾಟುತ್ತದೆ. ಉತ್ಸವದ ಜೀವಾಳವಾದ ಕ್ವಾರ್ಟೆಟ್, ಅಂದ್ರೆ ನಾಲ್ವರ ತಂಡ, ಇಲ್ಲೂ ಇದೆ ಅಲ್ವಾ, ನನಗೆ ತುಂಬಾ ಇಷ್ಟವಾದ ಜಾಗ ಅದು. ಕೋರಸ್ ಬರುವುದು ಕೊನೆಯ ಕೆಲವೇ ನಿಮಿಷ. ಹಾಗಾಗಿ ಹಾಡೋದನ್ನೇ ಕಸುಬು ಮಾಡಿಕೊಳ್ಳದವರೂ ಧೈರ್ಯವಾಗಿ ದನಿಗೂಡಿಸಬಹುದು.