ಬೇರೆ ದೇಶದ ಕಾದಂಬರಿ ಓದುವ ಕಾರ್ಯಕ್ರಮಕ್ಕೆ ಹೆಸರು ಕೊಡಲಾ, ಬೇಡವಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಗ್ರಂಥಾಲಯದವರು ‘ತಿಂಗಳಿಗೊಂದು ದೇಶ, ತಿಂಗಳಿಗೊಂದು ಕಾದಂಬರಿ’ ಅಂತ ಶುರು ಮಾಡಿದ್ದಾರೆ. ಕೈಗೊಂದು ಪುಟಾಣಿ ಪಾಸ್‌ಪೋರ್ಟ್ ಕೊಡುತ್ತಾರೆ, ಓದಿ ಮುಗಿಸಿದಾಗೆಲ್ಲ ಅದರಲ್ಲಿ ಮುದ್ರೆ ಒತ್ತುತ್ತಾರೆ. ಆದರೆ ನೀವು ಹಿಂದೊಮ್ಮೆ ರಷ್ಯನ್ ಕಾದಂಬರಿ ಹಿಡಿದು, ಹೆಸರುಗಳ ಗೋಜಲಿಗೆ ಸೋತು ಅರ್ಧಕ್ಕೇ ಬಿಟ್ಟವರು. ಈಗ ಸೇರಲು ಹಿಂಜರಿಕೆ.

ಸೇರಿ. ನಾನೂ ಇಂಥದ್ದೊಂದಕ್ಕೆ ಒಂದು ವರ್ಷ ಹೋಗಿದ್ದೇನೆ. ಹನ್ನೆರಡರಲ್ಲಿ ಏಳು ಮುಗಿಸಿದೆ. ಆ ಏಳರಲ್ಲೂ ಎರಡನ್ನು ಓದಿದ್ದು ಬರೀ ಮುದ್ರೆಯ ಆಸೆಗೆ. ಕೊನೆಯ ನೂರು ಪುಟ ಸುಮ್ನೆ ಓಡಿಸಿಬಿಟ್ಟೆ. ಇವತ್ತು ಆ ಎರಡರಲ್ಲಿ ಯಾರು ಸತ್ತರು, ಯಾರು ಉಳಿದರು ಅಂತ ಕೇಳಿದರೆ ನಾನು ಫೇಲು. ಹಾಗಾಗಿ ಪಾಸ್‌ಪೋರ್ಟ್ ಚೀಲದಲ್ಲೇ ಇರಲಿ.

ಮೊದಲು ಹೆಸರಿನ ಭೂತ ಬಿಡಿಸೋಣ. ನಾನು ಎಡವಿದ್ದೂ ರಷ್ಯನ್ ಪುಸ್ತಕದಲ್ಲೇ, ದಾಸ್ತೊಯೆವ್ಸ್ಕಿಯ 1866ರ ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ. ಒಂದು ಕಡೆ ರಾಸ್ಕೋಲ್ನಿಕೋವ್, ಇನ್ನೊಂದು ಕಡೆ ರೋದಿಯೋನ್ ರೊಮಾನೊವಿಚ್, ತಾಯಿಯ ಪತ್ರದಲ್ಲಿ ರೋದ್ಯಾ. ನಾನು ಮೂರು ಜನ ಅಂದುಕೊಂಡು ಬಹಳ ದೂರ ಹೋಗಿದ್ದೆ. ಇದ್ದವನು ಒಬ್ಬನೇ! ರೊಮಾನೊವಿಚ್ ಅಂದರೆ ರೊಮಾನ್‌ನ ಮಗ. ಅವನ ತಂಗಿ ಅವ್ದೋತ್ಯಾ ರೊಮಾನೊವ್ನಾ, ಅಂದರೆ ರೊಮಾನ್‌ನ ಮಗಳು. ಮನೆಯವರ ಬಾಯಲ್ಲಿ ಅವಳು ದೂನ್ಯಾ. ಹೆಸರಿಗೆ ಅಪ್ಪನ ಹೆಸರು ಸೇರಿಸಿ ಕರೆದರೆ ಮರ್ಯಾದೆ, ಮೊಟಕು ಮಾಡಿ ಕರೆದರೆ ಸಲಿಗೆ. ಮನೆಯೊಳಗೊಂದು ಹೆಸರು, ಹೊರಗೊಂದು ಹೆಸರು ಯಾರಿಗೆ ತಾನೇ ಇರುವುದಿಲ್ಲ?

ನಾನು ಮಾಡಿದ ಉಪಾಯ ಇಷ್ಟೇ. ದಪ್ಪ ಕಾಗದವನ್ನು ಬುಕ್‌ಮಾರ್ಕ್ ಅಳತೆಗೆ ಕತ್ತರಿಸಿಕೊಂಡೆ. ಹೊಸಬರು ಬಂದಾಗ ಪೆನ್ಸಿಲ್‌ನಲ್ಲಿ ಒಂದು ಸಾಲು: ಪೂರ್ತಿ ಹೆಸರು, ಪಕ್ಕದಲ್ಲಿ ಕರೆಯುವ ಹೆಸರು, ಅದರ ಪಕ್ಕದಲ್ಲಿ ‘ತಂಗಿ’, ‘ಗೆಳೆಯ’, ‘ಪೊಲೀಸು’ ಅಂತ ಒಂದೇ ಪದ. ಮೂವತ್ತು ನಲವತ್ತು ಪುಟ ಕಳೆಯುವಷ್ಟರಲ್ಲಿ ಅದನ್ನು ನೋಡುವುದೇ ಮರೆತುಹೋಯಿತು. ಆದರೆ ಎಲ್ಲ ಪುಸ್ತಕಕ್ಕೂ ಈ ಮದ್ದು ನಾಟುವುದಿಲ್ಲ. ಕೊಲಂಬಿಯಾದ ಲೇಖಕ ಮಾರ್ಕೆಸ್‌ನ 1967ರ ಕಾದಂಬರಿ ‘ನೂರು ವರ್ಷಗಳ ಏಕಾಂತ’ದಲ್ಲಿ ಒಬ್ಬನೇ ಕರ್ನಲ್‌ಗೆ ಹದಿನೇಳು ಗಂಡುಮಕ್ಕಳು, ಹದಿನೇಳಕ್ಕೂ ಔರೆಲಿಯಾನೋ ಅಂತಲೇ ಹೆಸರು. ಅಲ್ಲಿ ಕಾರ್ಡ್ ಬಿಸಾಕಿ, ಗೊಂದಲದಲ್ಲೇ ತೇಲಿಕೊಂಡು ಹೋಗಿ. ಲೇಖಕನಿಗೆ ಬೇಕಾಗಿದ್ದೂ ಅದೇ ಅಂತ ನನ್ನ ಗುಮಾನಿ.

ಈಗ ಕಾರ್ಯಕ್ರಮದ ಭಿತ್ತಿಪತ್ರದಲ್ಲಿ ಯಾರೂ ಬರೆಯದ ವಿಷಯ. ದೇಶ ಯಾವುದು ಅಂತ ನೋಡುವ ಮೊದಲು ಅನುವಾದಕರು ಯಾರು ಅಂತ ನೋಡಿ.

ಒಂದು ತಿಂಗಳ ಚರ್ಚೆಯಲ್ಲಿ ನಾನು ಜೋರಾಗಿಯೇ ಹೇಳಿದೆ: ‘ಈ ಕಾದಂಬರಿಯಲ್ಲಿ ಯಾರಿಗೂ ರಕ್ತವೇ ಹರಿಯುವುದಿಲ್ಲ, ಎಲ್ಲರೂ ಅರ್ಜಿ ಬರೆದ ಹಾಗೆ ಮಾತಾಡುತ್ತಾರೆ.’ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನನ್ನು ವಿಚಿತ್ರವಾಗಿ ನೋಡಿದರು. ಅವರ ಹತ್ತಿರ ಅದೇ ಕಾದಂಬರಿ, ಬೇರೆಯವರ ಅನುವಾದ. ಒಂದು ಜಗಳದ ದೃಶ್ಯ ಹುಡುಕಿ ಇಬ್ಬರೂ ಗಟ್ಟಿಯಾಗಿ ಓದಿದೆವು. ನನ್ನದರಲ್ಲಿ ಗಂಡ ‘ತನ್ನ ಅಸಮಾಧಾನವನ್ನು ವ್ಯಕ್ತಪಡಿಸಿದನು’. ಅವರದರಲ್ಲಿ ಅವನು ‘ನನ್ನ ಕಣ್ಣೆದುರು ನಿಲ್ಲಬೇಡ, ಹೋಗು’ ಅನ್ನುತ್ತಾನೆ. ಅಷ್ಟೇ ಅಲ್ಲ, ಅವರ ಪುಸ್ತಕದಲ್ಲಿದ್ದ ಅರ್ಧ ಪುಟ ನನ್ನದರಲ್ಲಿ ಇರಲೇ ಇಲ್ಲ! ನಾನು ಬೈದದ್ದು ಲೇಖಕನನ್ನು, ಬೈಸಿಕೊಳ್ಳಬೇಕಾಗಿದ್ದವರು ಬೇರೆ.

ಇದು ಹಳೆಯ ತಕರಾರು. ಕಾನ್‌ಸ್ಟನ್ಸ್ ಗಾರ್ನೆಟ್ ಎಂಬಾಕೆ ಸುಮಾರು ಎಪ್ಪತ್ತು ಸಂಪುಟ ರಷ್ಯನ್ ಸಾಹಿತ್ಯವನ್ನು ಇಂಗ್ಲಿಷಿಗೆ ತಂದರು. ಟಾಲ್‌ಸ್ಟಾಯ್‌ಗೂ ದಾಸ್ತೊಯೆವ್ಸ್ಕಿಗೂ ವ್ಯತ್ಯಾಸ ಇಂಗ್ಲಿಷ್ ಓದುಗರಿಗೆ ಗೊತ್ತಾಗುವುದಿಲ್ಲ, ಯಾಕೆಂದರೆ ಅವರು ಓದುತ್ತಿರುವುದು ಗಾರ್ನೆಟ್‌ರನ್ನು ಅಂತ ಕವಿ ಜೋಸೆಫ್ ಬ್ರಾಡ್ಸ್ಕಿ ಗೊಣಗಿದ್ದುಂಟು. ನನಗೆ ಆಕೆಯ ಮೇಲೆ ಗೌರವವೇ ಜಾಸ್ತಿ. ಆಕೆ ಇಲ್ಲದಿದ್ದರೆ ಎಷ್ಟೋ ಜನ ಇಬ್ಬರನ್ನೂ ಓದುತ್ತಲೇ ಇರಲಿಲ್ಲ.

ಕನ್ನಡದಲ್ಲಿ ಓದುವವರಿಗೆ ಇನ್ನೊಂದು ಸ್ವಾರಸ್ಯ ಇದೆ. ಫ್ರೆಂಚಿನಲ್ಲಿ ‘ತ್ಯು’, ‘ವೂ’, ರಷ್ಯನ್‌ನಲ್ಲಿ ‘ತಿ’, ‘ವಿ’ ಅಂತ ಇದೆ. ನಮ್ಮ ‘ನೀನು’, ‘ನೀವು’ ಇದ್ದ ಹಾಗೆ. ಪ್ರೇಮಿಗಳಿಬ್ಬರು ‘ನೀವು’ ಬಿಟ್ಟು ‘ನೀನು’ಗೆ ಇಳಿಯುವ ಗಳಿಗೆ ಕಾದಂಬರಿಯಲ್ಲಿ ಒಂದು ಘಟನೆಯೇ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಯೂ’. ಆ ಘಟನೆ ಅಲ್ಲಿ ಮಾಯ, ಇಲ್ಲವೇ ಅನುವಾದಕರು ಬೇರೇನೋ ಕಸರತ್ತು ಮಾಡಬೇಕು. ಕನ್ನಡಕ್ಕೆ ಬರುವಾಗ ಅದು ಸಲೀಸಾಗಿ ವಾಪಸ್ ಬರಬೇಕಲ್ವಾ? ಮೂಲದಿಂದ ನೇರವಾಗಿ ಬಂದರೆ ಬರುತ್ತದೆ. ಆದರೆ ನಮಗೆ ಸಿಗುವ ಎಷ್ಟೋ ಅನುವಾದಗಳು ಇಂಗ್ಲಿಷ್ ದಾಟಿ ಬಂದವು. ‘ಯೂ’ ನೋಡಿಕೊಂಡು ಇವರು ಯಾವಾಗ ಸಲಿಗೆಯಾದರು ಅಂತ ಕನ್ನಡದ ಅನುವಾದಕರು ಊಹೆ ಮಾಡಬೇಕು. ಎರಡನೇ ಅಧ್ಯಾಯಕ್ಕೇ ‘ನೀನು’ ಅಂತ ಶುರುವಾದರೆ ನಾನು ಈಗ ತಟ್ಟನೆ ಮೊದಲ ಪುಟಗಳಿಗೆ ತಿರುಗಿ, ಯಾವ ಭಾಷೆಯಿಂದ ಬಂದದ್ದು ಅಂತ ನೋಡುತ್ತೇನೆ. ಕೆಟ್ಟ ಚಾಳಿ, ಆದರೆ ಮಜಾ ಇದೆ.

ಇನ್ನೂ ಒಂದು. ಪೋರ್ಚುಗಲ್‌ನ ಕಾದಂಬರಿಕಾರ ಸರಮಾಗು ಸಂಭಾಷಣೆಗೆ ಉದ್ಧರಣ ಚಿಹ್ನೆ ಹಾಕುವುದಿಲ್ಲ. ಮಾತು ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತು ಅನ್ನುವುದಕ್ಕೆ ಒಂದು ಅಲ್ಪವಿರಾಮ, ಒಂದು ದೊಡ್ಡಕ್ಷರ, ಅಷ್ಟೇ. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ. ಅನುವಾದಕರ ಪಾಡು ಯೋಚಿಸಿ.

ಈ ದುಡಿಮೆಗೆ ಈಗೀಗ ಬೆಲೆ ಬರುತ್ತಿದೆ. 2016ರಿಂದ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯ 50,000 ಪೌಂಡನ್ನು ಲೇಖಕರಿಗೂ ಅನುವಾದಕರಿಗೂ ಸರಿಸಮ ಹಂಚುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಬಂದಾಗ ಅರ್ಧ ಪಾಲು ದೀಪಾ ಭಾಸ್ತಿ ಅವರದ್ದು. ಅವರು ಕನ್ನಡ ಪದಗಳನ್ನು ಓರೆ ಅಕ್ಷರದಲ್ಲಿ ಹಾಕಲಿಲ್ಲ, ಅಡಿಟಿಪ್ಪಣಿ ಕೊಟ್ಟು ವಿವರಿಸಲೂ ಇಲ್ಲ. ಎಲ್ಲೋ ದೂರದ ಓದುಗರು ಆ ಪದಗಳ ಮುಂದೆ ಒಂದು ಕ್ಷಣ ತಡವರಿಸಿರುತ್ತಾರೆ, ನೀವು ರೊಮಾನೊವಿಚ್ ಮುಂದೆ ತಡವರಿಸಿದ ಹಾಗೆ.

ಪುಸ್ತಕ ಹುಡುಕುವಾಗ ಒಂದು ಸಣ್ಣ ಗೊಂದಲ ಎದುರಾಗಬಹುದು. ಡ್ಯೂಯಿ ಸಂಖ್ಯೆ (ವಿಷಯದ ಪ್ರಕಾರ ಪುಸ್ತಕಗಳಿಗೆ ಕೊಡುವ ಅಂಕಿ) ಇರುವ ಗ್ರಂಥಾಲಯದಲ್ಲಿ ಸಾಹಿತ್ಯವನ್ನು ಜೋಡಿಸುವುದು ದೇಶದ ಮೇಲಲ್ಲ, ಮೂಲ ಭಾಷೆಯ ಮೇಲೆ. ಸ್ಪ್ಯಾನಿಷ್ ಕಾದಂಬರಿ ಅಂದರೆ 863. ಸ್ಪೇನ್, ಕೊಲಂಬಿಯಾ, ಅರ್ಜೆಂಟೀನಾ ಎಲ್ಲ ಒಂದೇ ಕಡೆ. ನೈಜೀರಿಯಾದ ಚಿನುವಾ ಅಚೆಬೆ ಇಂಗ್ಲಿಷಿನಲ್ಲಿ ಬರೆದಿದ್ದರಿಂದ 823ರಲ್ಲಿ, ಇಂಗ್ಲೆಂಡಿನವರ ಜೊತೆ. ‘ನೈಜೀರಿಯಾ ಕಪಾಟು ಎಲ್ಲಿ?’ ಅಂತ ಅಲೆದಾಡಬೇಡಿ, ಗ್ರಂಥಪಾಲಕರನ್ನೇ ಕೇಳಿ. ಪಟ್ಟಿ ಮಾಡಿದವರು ಅವರೇ, ಕೇಳಿದರೆ ಖುಷಿಪಡುತ್ತಾರೆ. ಕೆಲವು ದೇಶಗಳ ಪುಸ್ತಕ ಅವರಿಗೂ ಸಿಗುವುದಿಲ್ಲ. ಆನ್ ಮಾರ್ಗನ್ ಎಂಬ ಬ್ರಿಟಿಷ್ ಲೇಖಕಿ 2012ರಲ್ಲಿ ಒಂದೊಂದು ದೇಶದ ಒಂದೊಂದು ಪುಸ್ತಕದಂತೆ 196 ದೇಶ ಓದಲು ಹೊರಟಾಗ ಸಾವೊ ಟೊಮೆ ಮತ್ತು ಪ್ರಿನ್ಸಿಪೆಯ ಪುಸ್ತಕ ಇಂಗ್ಲಿಷಿನಲ್ಲಿ ಸಿಗಲಿಲ್ಲ. ಕೊನೆಗೆ ಗುರುತಿಲ್ಲದ ಸ್ವಯಂಸೇವಕರು ಸೇರಿ ಆಕೆಗಾಗಿ ಒಂದು ಪುಸ್ತಕ ಅನುವಾದ ಮಾಡಿಕೊಟ್ಟರು.

ನಿಮ್ಮ ಮೊದಲ ತಿಂಗಳಿಗೆ ತೆಳ್ಳಗಿನ ಪುಸ್ತಕ ಆರಿಸಿಕೊಳ್ಳಿ. ಅಚೆಬೆಯ 1958ರ ಮೊದಲ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ. ಜಪಾನಿನ ಕವಾಬಾತಾ ಕೂಡ ತೆಳ್ಳಗೇ, ಆದರೆ ಅವರು ಹೇಳುವುದಕ್ಕಿಂತ ಬಿಡುವುದೇ ಜಾಸ್ತಿ. ಮೊದಲಿಗೆ ಬೇಡ, ಮೂರನೆಯದಾಗಿ ಓದಿ. ಐವತ್ತು ಪುಟ ಓದಿಯೂ ಹತ್ತದಿದ್ದರೆ ವಾಪಸ್ ಕೊಟ್ಟುಬಿಡಿ, ಚರ್ಚೆಗೆ ಮಾತ್ರ ಹೋಗಿ. ಬೇರೆಯವರ ಕೈಯಲ್ಲಿ ಯಾರ ಅನುವಾದ ಇದೆ ಅಂತ ಬಗ್ಗಿ ನೋಡಿ.

ಆ ಅರ್ಧಕ್ಕೆ ಬಿಟ್ಟ ರಷ್ಯನ್ ಪುಸ್ತಕ ಇನ್ನೂ ಮನೆಯಲ್ಲಿದ್ದರೆ ತೆಗೆದು ಮೊದಲ ನಾಲ್ಕು ಪುಟ ತಿರುವಿ. ಅನುವಾದಕರ ಹೆಸರು ಎಲ್ಲೂ ಕಾಣದಿದ್ದರೆ ಅದನ್ನು ಅಲ್ಲೇ ಬಿಡಿ, ಗ್ರಂಥಾಲಯದಲ್ಲಿ ಬೇರೆ ಪ್ರತಿ ಕೇಳಿ. ಹೆಸರಿದ್ದರೆ ಒಂದು ದಪ್ಪ ಕಾಗದ, ಒಂದು ಪೆನ್ಸಿಲ್ ಹುಡುಕಿಕೊಳ್ಳಿ.